ಬೀರುವಿಗೂ ಮದನಿಕೆಗೂ ಒಂದೇ ನ್ಯಾಯವಲ್ಲ

ಮೂಡಿಗೆರೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ಇಲ್ಲದ ವಸ್ತುವನ್ನು ಕಣ್ಣೆದುರಿನ ಜಾಗದಲ್ಲೇ ಇದ್ದಂತೆ ತೋರಿಸುವ ಆಗ್ಮೆಂಟೆಡ್ ರಿಯಾಲಿಟಿ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿ, ಮಗನ ಫೋನಿನಲ್ಲಿ ನಮ್ಮ ಹಾಲ್‌ಗೆ ಒಂದು ಬೀರು ಇಟ್ಟು ನೋಡಿದೆ. ನೋಡಲು ಚೆನ್ನಾಗಿತ್ತು. ಬಾಗಿಲು ತೆಗೆಯೋಣ ಅಂತ ಕೈ ಚಾಚಿದರೆ ಕೈಯೇ ಬೀರುವಿನ ಹಿಂದೆ ಮಾಯ! ಗಾಜಿನ ಮೇಲೆ ಬೆರಳು ಎಳೆದರೆ ಮಾತ್ರ ಅಲುಗುತ್ತದೆ. ಇದನ್ನು ಸಹಜ ಅಂತ ಬರೆದಿದ್ದೀರಲ್ಲ, ಯಾವ ಸೀಮೆ ಸಹಜ ಸ್ವಾಮಿ ಇದು?”

ನಮಸ್ಕಾರ ಮೇಡಂ. ತಪ್ಪು ನನ್ನದು. ಆ ಪದದ ಮೇಲೆ ಗೆರೆ ಎಳೆಯದೆ ಅಚ್ಚಿಗೆ ಬಿಟ್ಟವನು ನಾನೇ.

ಮೊದಲು ಮಾಯವಾದ ಕೈಯ ವಿಷಯ. ಕ್ಯಾಮೆರಾ ಕೊಡುವುದು ಚಪ್ಪಟೆ ಚಿತ್ರ. ಅದರ ಮೇಲೆ ಆಪ್ ಬೀರುವನ್ನು ಬಿಡಿಸುತ್ತದೆ, ಕ್ಯಾಲೆಂಡರ್ ಮೇಲೆ ಮಕ್ಕಳು ಸ್ಟಿಕರ್ ಅಂಟಿಸಿದ ಹಾಗೆ. ಅದರ ಕೆಳಗೆ ಗೋಡೆ ಇದ್ದರೂ ಒಂದೇ, ನಿಮ್ಮ ಕೈ ಇದ್ದರೂ ಒಂದೇ. ಕೈ ಮುಂದಿದೆ, ಬೀರು ಹಿಂದಿದೆ ಅಂತ ತಿಳಿಯಬೇಕಾದರೆ ಯಾವುದು ಎಷ್ಟು ದೂರದಲ್ಲಿದೆ ಎಂಬ ಲೆಕ್ಕ ಬೇಕು. 2020ರಲ್ಲಿ ಆಪಲ್ ತನ್ನ ಐಪ್ಯಾಡ್ ಪ್ರೊ ಮತ್ತು ಐಫೋನ್ 12 ಪ್ರೊಗಳಲ್ಲಿ ಲೈಡಾರ್ ಎಂಬ ಸಾಧನ ಇಟ್ಟಿತು. ಅದು ಬೆಳಕು ಬಿಟ್ಟು, ತಿರುಗಿ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ ದೂರ ಅಳೆಯುತ್ತದೆ. ಅದೇ ವರ್ಷ ಗೂಗಲ್‌ನ ಎಆರ್‌ಕೋರ್ ಎಂಬ ತಂತ್ರಾಂಶ ಮಾಮೂಲಿ ಕ್ಯಾಮೆರಾದಲ್ಲೇ ಈ ಲೆಕ್ಕ ಹಾಕುವ ದಾರಿ ಕೊಟ್ಟಿತು. ಫೋನನ್ನು ಅತ್ತಿತ್ತ ಆಡಿಸಿದಾಗ ಸಿಗುವ ಬೇರೆ ಬೇರೆ ಚಿತ್ರಗಳನ್ನು ಹೋಲಿಸಿ ದೂರ ಊಹಿಸುತ್ತದೆ. ಗೋಡೆ, ಮಂಚದಂಥ ಕದಲದ ವಸ್ತುಗಳಿಗೆ ಇದು ಸರಿ. ಅಲ್ಲಾಡುವ ಕೈ ಬಂದರೆ ತಡವರಿಸುತ್ತದೆ. ಆಪ್ ಮಾಡಿದವರು ಈ ಅನುಕೂಲ ಬಳಸದೇ ಇದ್ದರಂತೂ ಮುಗಿಯಿತು.

ಆದರೆ ಇಷ್ಟು ಸರಿಹೋದರೂ ನಿಮ್ಮ ತಕರಾರು ಹಾಗೇ ಉಳಿಯುತ್ತದೆ. ನಾಳೆ ಬೆಳಿಗ್ಗೆ ಕಾಫಿ ಲೋಟ ಎತ್ತುವಾಗ ನಿಮ್ಮ ಕೈಯನ್ನೇ ಸ್ವಲ್ಪ ನೋಡಿ. ಲೋಟ ಮುಟ್ಟುವ ಮೊದಲೇ, ದಾರಿಯಲ್ಲೇ ಬೆರಳುಗಳು ತೆರೆದುಕೊಳ್ಳುತ್ತವೆ. ಲೋಟಕ್ಕಿಂತ ತುಸು ಜಾಸ್ತಿಯೇ ತೆರೆದು, ಹತ್ತಿರ ಹೋದಂತೆ ಮುಚ್ಚಿಕೊಳ್ಳುತ್ತವೆ. ಮುಟ್ಟಿದ ಕೂಡಲೇ ಸ್ಟೀಲು ಮಾತಾಡುತ್ತದೆ: ಬಿಸಿ ಇದೆ, ಕಂಠ ಹಿಡಿ, ತುಂಬಿದೆ, ಹುಷಾರು. ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸರನ್ನು ನೀವು ನೋಡಿಯೇ ಇರುತ್ತೀರಿ. ಊರಿನ ಸುದ್ದಿಯೆಲ್ಲ ಮಾತಾಡ್ತಾನೇ ಗೊಂಚಲಲ್ಲಿ ಕಾಯಿ ಬಿಟ್ಟು ಹಣ್ಣು ಬಿಡಿಸುತ್ತಾರೆ. ಅರ್ಧ ಕೆಲಸ ಬೆರಳಿನದು, ಕಣ್ಣಿಗೆ ಬಿಡುವು.

ನಿಮ್ಮ ಬೀರುವಿನ ಹಿಡಿ ಮಾತಾಡುವುದಿಲ್ಲ. ಹಿಡಿದೆನೋ ಬಿಟ್ಟೆನೋ ಅಂತ ಕಣ್ಣೇ ಕಾಯುತ್ತಾ ಕೂರಬೇಕು. ನನ್ನ ಪ್ರಕಾರ ಅಸಹಜ ಇರುವುದು ಅಲ್ಲಿ, ಚಿತ್ರದ ಅಂದದಲ್ಲಲ್ಲ.

ಕೈಯನ್ನು ಗುರುತಿಸುವುದು ಈಗ ಕಷ್ಟವಲ್ಲ. ಗೂಗಲ್‌ನ ಮೀಡಿಯಾಪೈಪ್ ಎಂಬ ತಂತ್ರಾಂಶ ಸಾಧಾರಣ ಕ್ಯಾಮೆರಾದಿಂದಲೇ ಒಂದು ಕೈಯಲ್ಲಿ 21 ಬಿಂದುಗಳನ್ನು ಹಿಡಿಯುತ್ತದೆ, ಗೆಣ್ಣು ಗೆಣ್ಣೂ ಲೆಕ್ಕಕ್ಕೆ. ಕಷ್ಟ ಇರುವುದು ಕೈ ಏನು ಹೇಳುತ್ತಿದೆ ಅಂತ ತಿಳಿಯುವುದರಲ್ಲಿ. ತಲೆಗೆ ತೊಡುವ ಮೈಕ್ರೋಸಾಫ್ಟ್ ಕನ್ನಡಕ, 2016ರ ಹೋಲೋಲೆನ್ಸ್‌ನಲ್ಲಿ ಕೈ ಎತ್ತಿ ಗಾಳಿಯಲ್ಲಿ ಬೆರಳು ಕುಟ್ಟಬೇಕಿತ್ತು. ಅದನ್ನು ಕಲಿಯುವುದೇ ಒಂದು ಪಾಠ. 2019ರ ಎರಡನೇ ಹೋಲೋಲೆನ್ಸ್‌ನಲ್ಲಿ ವಸ್ತುವನ್ನು ನೇರವಾಗಿ ಹಿಡಿದು ಎಳೆಯಬಹುದಾಯಿತು. ಹಿಡಿದದ್ದೇನೋ ಸರಿ, ಕೈ ಎತ್ತಿಯೇ ಇಟ್ಟರೆ ತೋಳು ಸೋಲುತ್ತದೆ. ಸೂರಿಗೆ ಸುಣ್ಣ ಬಳಿದವರಿಗೆ ಇದನ್ನು ಹೇಳಬೇಕಿಲ್ಲ. 2024ರಲ್ಲಿ ಬಂದ ಆಪಲ್‌ನ ವಿಷನ್ ಪ್ರೊ ಕನ್ನಡಕದಲ್ಲಿ ಕೈ ತೊಡೆಯ ಮೇಲಿದ್ದರೂ ಸಾಕು. ಬೇಕಾದ್ದನ್ನು ಕಣ್ಣಲ್ಲಿ ನೋಡಿ, ಹೆಬ್ಬೆರಳು ತೋರುಬೆರಳು ಕೂಡಿಸಿದರೆ ಆಯಿತು.

ಇಲ್ಲಿ ನನ್ನದೊಂದು ಪಜೀತಿ ಹೇಳಬೇಕು. ಭಾವಮೈದ ಬೆಂಗಳೂರಿಂದ ಇಂಥದ್ದೇ ಒಂದು ಕನ್ನಡಕ ತಂದಿದ್ದ. ಹಾಕಿಕೊಂಡು ಕೂತಿದ್ದಾಗ ಅಡುಗೆಮನೆಯಿಂದ ಮನೆಯವಳು, “ಸಾರಿಗೆ ಉಪ್ಪು ಎಷ್ಟು ಬೇಕು, ರುಚಿ ನೋಡಿದ್ರಲ್ಲ” ಅಂದಳು. “ಒಂದು ಚಿಟಿಕೆ” ಅಂತ ಬೆರಳು ಕೂಡಿಸಿ ತೋರಿಸಿದೆ. ಕನ್ನಡಕದೊಳಗೆ ಎದುರಿಗಿದ್ದ ಯಾವುದೋ ಆಪ್‌ನ ಕಿಟಕಿ ತಟ್ಟನೆ ತೆರೆದುಕೊಂಡಿತು. ಮುಚ್ಚಲು ಹೋಗಿ ಇನ್ನೆರಡು ತೆರೆದೆ. ಸಂಶೋಧಕರು ಇಂಥ ಎಡವಟ್ಟಿಗೆ ಮುಟ್ಟಿದ್ದೆಲ್ಲ ಚಿನ್ನವಾಗುವ ಗ್ರೀಕ್ ಪುರಾಣದ ರಾಜ ಮಿಡಾಸನ ಹೆಸರಿಟ್ಟಿದ್ದಾರೆ. ನಮ್ಮ ಭಸ್ಮಾಸುರನ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು. ಸುಮ್ನೆ ನೋಡಿದ್ದನ್ನೂ ಆಜ್ಞೆ ಅಂದುಕೊಂಡರೆ ಕಣ್ಣು ಬಿಡುವ ಹಾಗೇ ಇಲ್ಲ, ಅಲ್ವಾ? ಅದಕ್ಕೇ ನೋಟ ಬರೀ ತೋರಿಸುತ್ತದೆ, ಚಿಟಿಕೆ ಮಾತ್ರ ಒತ್ತುತ್ತದೆ. ಆದರೂ ಸಾರಿನ ಚಿಟಿಕೆ ಯಾವುದು, ಕಿಟಕಿಯ ಚಿಟಿಕೆ ಯಾವುದು ಅಂತ ಆ ಕನ್ನಡಕಕ್ಕೆ ಗೊತ್ತಾಗಲಿಲ್ಲ.

ಭಾರ ಇಲ್ಲದ ಬೀರುವಿಗೆ ಭಾರ ಕೊಡುವ ಒಂದು ಉಪಾಯ ಇದೆ. ನೀವು ಕೈ ಸರಿಸಿದಾಗ ಬೀರು ಕೂಡಲೇ ಬರದೆ ಸ್ವಲ್ಪ ಹಿಂದೆ ಬೀಳುವ ಹಾಗೆ ಮಾಡುವುದು. ಕಣ್ಣು ನೋಡುತ್ತದೆ, ಮನಸ್ಸು ‘ಭಾರ ಇದೆ’ ಅಂದುಕೊಳ್ಳುತ್ತದೆ. ಬುಡದಲ್ಲಿ ನೆರಳು, ಚಿಲಕ ಬಿದ್ದ ಹೊತ್ತಿಗೆ ಸರಿಯಾಗಿ ‘ಟಕ್’ ಎಂಬ ಸದ್ದು ಸೇರಿದರೆ ಇನ್ನೂ ನಂಬಿಕೆ. ಸದ್ದು ತಡವಾಗಿ ಬಂತೋ, ಆಟ ಕೆಟ್ಟಿತು.

ಹಾಗಂತ ಎಲ್ಲವೂ ನಿಜದ ಹಾಗೇ ಇರಲಿ ಅಂತ ನಾನು ಹೇಳುವುದಿಲ್ಲ. ಬೇಲೂರಿನ ಮದನಿಕೆಯರು ಸೂರಿನಡಿ ಎತ್ತರದಲ್ಲಿದ್ದಾರೆ. ಕತ್ತು ನೋಯುವ ತನಕ ನೋಡಿದರೂ ದರ್ಪಣಸುಂದರಿಯ ಬೆನ್ನು ಕಾಣದು. ಇಂಥ ಕನ್ನಡಕದಲ್ಲಿ ಅವಳನ್ನು ಗೇಣುದ್ದ ಮಾಡಿ ಅಂಗೈ ಮೇಲೆ ತಿರುಗಿಸಿ ನೋಡುವಂತಾದರೆ, ಕಲ್ಲಿನ ಭಾರ ಯಾಕೆ ಬೇಕು? ಅಲ್ಲಿ ಅವಳು ಬೊಂಬೆಯಂತೆ ಹಗುರವಾಗಿದ್ದರೇ ಸರಿ. ಬೀರು ಮಾತ್ರ ಬೀರುವಿನ ಹಾಗೇ ಹಟಮಾರಿಯಾಗಿರಬೇಕು, ಗೋಡೆಯೊಳಗೆ ತೂರಬಾರದು.

ಅಂದಹಾಗೆ, ಬೀರು ಕೊಳ್ಳುವ ಮೊದಲು ಟೇಪು ಹಿಡಿದು ನಿಮ್ಮ ಬಾಗಿಲಿನ ಅಗಲ ಅಳೆದುಕೊಳ್ಳಿ. ಫೋನಿನ ಬೀರು ಹಾಲ್‌ಗೆ ಬಂದದ್ದು ಬಾಗಿಲಿನಿಂದಲ್ಲ.

– ಸಂ.