ಮೀನಿನ ಪ್ರಾಜೆಕ್ಟ್: ಕೊನೆಯ ಪುಟದಲ್ಲಿ ಏನು ಬರೀಬೇಕು?

ಸರ್, ಎಂಟನೇ ಕ್ಲಾಸಿನ ಮಗಳು ಕರಾವಳಿಯ ಸ್ಥಳೀಯ ಮೀನುಗಳ ಪ್ರಾಜೆಕ್ಟ್ ಮುಗಿಸಿದ್ದಾಳೆ, ಕೊನೆಗೆ 'ನಾನು ಕಲಿತದ್ದು' ಅಂತ ಒಂದು ಪುಟಕ್ಕೆ ಏನು ಬರೀಲಿ ಅಂತ ಕೇಳಿದ್ದೀರಿ. 'ಸಮುದ್ರವನ್ನು ಉಳಿಸೋಣ' ಮಾತ್ರ ಬೇಡ, ಎಲ್ಲರೂ ಅದನ್ನೇ ಬರೀತಾರೆ. ಎಲ್ಲಿ ಎಡವಿದಳೋ ಅದನ್ನು ಬರೀಲಿ.

ನನ್ನ ಮಗನೂ ಇದನ್ನೇ ಮಾಡಿದ್ದ. ಮಲ್ಪೆಯಿಂದ ತಂದ ಬಂಗುಡೆಗಳನ್ನು ಬಾಳೆಎಲೆ ಮೇಲೆ ಸಾಲಾಗಿ ಇಟ್ಟು ಸ್ಕೇಲಿನಲ್ಲಿ ಅಳೆದ. ಅರ್ಧ ಮೀನಿಗೆ ಬಾಲದ ತುದಿವರೆಗೆ, ಉಳಿದವಕ್ಕೆ ಬಾಲ ಕವಲೊಡೆಯುವ ಜಾಗದವರೆಗೆ! ಎರಡೂ ಸರಿಯಾದ ಅಳತೆಗಳೇ, ಆದರೆ ಒಂದನ್ನೇ ಹಿಡೀಬೇಕಿತ್ತು. ಗೊತ್ತಾಗೋ ಹೊತ್ತಿಗೆ ಮೀನು ಸಾರಾಗಿತ್ತು. ಹಿನ್ನೀರಿನ ತಿಲಾಪಿಯಾವನ್ನೂ 'ಸ್ಥಳೀಯ' ಪಟ್ಟಿಗೆ ಸೇರಿಸಿದ್ದ. ಅದು ಆಫ್ರಿಕಾ ಮೂಲದ್ದು, ಭಾರತಕ್ಕೆ ತಂದದ್ದು 1952ರಲ್ಲಿ. ಈ ಎರಡು ತಪ್ಪುಗಳೇ ಅವನ ಕೊನೆಯ ಪುಟವಾಯಿತು.

ನಿಮ್ಮ ಮಗಳು ಬೂತಾಯಿ ಮೀನಿನ ಕಿವಿರಿನ ಮುಚ್ಚಳ ಎತ್ತಿ ನೋಡಿದ್ದಾಳಾ? ಒಳಗೆ ಬಾಚಣಿಗೆಯಂಥ ನವಿರಾದ ಎಳೆಗಳಿವೆ. ತೇಲುವ ಸೂಕ್ಷ್ಮಜೀವಿಗಳನ್ನು ಅದು ಸೋಸಿ ತಿನ್ನೋದು ಅದರಿಂದಲೇ. ಕಾಣೆ ಮೀನಿನದ್ದು ಬೇರೆ ದಾರಿ, ಮರಳು ಕೆದಕಿ ಹುಳ, ಸಣ್ಣ ಸೀಗಡಿ ಹುಡುಕುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಚಿತ್ರ ಬಿಡಿಸಲಿ.

ಮಾರ್ಕೆಟ್ಟಿಗೆ ಯಾವ ತಿಂಗಳು ಹೋಗಿದ್ದಳು ಅನ್ನೋದೂ ಇರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ, ಆಗ ಬುಟ್ಟಿಯಲ್ಲಿ ಕಾಣೋ ಮೀನೇ ಬೇರೆ. ಹೆಸರು ಮೀನು ಮಾರುವ ಅಮ್ಮಂದಿರನ್ನೇ ಕೇಳಿ ಬರೆದುಕೊಳ್ಳಲಿ. ನಮ್ಮ ಬೂತಾಯಿ ಕಾರವಾರದ ಕಡೆ ತಾರ್ಲೆ.