ತಾರಸಿಯಲ್ಲಿಟ್ಟ ಸ್ಮಾರ್ಟ್ ದೂರದರ್ಶಕದ ವೈಫೈ ಕೆಳಗಿನ ಕೋಣೆಯವರೆಗೆ ಬರುವುದೇ?

ಉಡುಪಿಯ ಎರಡಂತಸ್ತಿನ ಮನೆಯ ತಾರಸಿಯಲ್ಲಿ ಸೀಸ್ಟಾರ್ ಎಸ್50 (ಮೊಬೈಲ್ ಆ್ಯಪ್‌ನಿಂದ ನಡೆಸುವ, ಆಕಾಶದ ಚಿತ್ರ ತೆಗೆಯುವ ಸ್ಮಾರ್ಟ್ ದೂರದರ್ಶಕ) ಇಟ್ಟು ನೆಲಮಹಡಿಗೆ ಇಳಿದೊಡನೆ ಮೊಬೈಲಿನ ಸಂಪರ್ಕ ಕಡಿದುಹೋಗುವುದೇಕೆ ಎಂದು ಕೇಳಿದ್ದೀರಿ. ಇದು ಬಹುಮಟ್ಟಿಗೆ ಉಪಕರಣದ ದೋಷವಲ್ಲ. ಇಂಥ ದೂರದರ್ಶಕವು ತಾನೇ ಒಂದು ಪುಟ್ಟ ಹಾಟ್‌ಸ್ಪಾಟ್ ಆಗಿ ಕೆಲಸ ಮಾಡುತ್ತದೆ. ತೆರೆದ ಅಂಗಳದಲ್ಲಿ ಸರಾಗವಾಗಿ ಸಿಗುವ ಅದರ ಸಂಕೇತವು ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಸ್ಲ್ಯಾಬನ್ನೂ ದಪ್ಪನೆಯ ಕೆಂಪುಕಲ್ಲಿನ ಗೋಡೆಯನ್ನೂ ದಾಟುವಷ್ಟರಲ್ಲಿ ಬಹಳಷ್ಟು ಕ್ಷೀಣಿಸಿರುತ್ತದೆ. ಮಳೆಗೆಂದು ನಮ್ಮ ಕಡೆ ತಾರಸಿಗೆ ಹೊದಿಸುವ ತಗಡಿನ ಶೀಟು ಅಡ್ಡ ಬಂದರಂತೂ ಅದು ರೇಡಿಯೋ ಅಲೆಗಳನ್ನು ಪ್ರತಿಫಲಿಸಿಬಿಡುತ್ತದೆ. ಕರಾವಳಿಯ ಗಾಳಿಯ ತೇವಾಂಶವನ್ನು ದೂರುವವರೂ ಇದ್ದಾರೆ, ಆದರೆ ಇಷ್ಟು ಕಡಿಮೆ ದೂರದಲ್ಲಿ ಅದರ ಪರಿಣಾಮ ನಗಣ್ಯ. ತೇವಾಂಶದ ನಿಜವಾದ ಕಾಟ ಮಸೂರದ ಮೇಲೆ ಕೂರುವ ಇಬ್ಬನಿಯದು.

ಆ್ಯಪ್‌ನಲ್ಲಿರುವ ಸ್ಟೇಷನ್ ಮೋಡ್ ಬಳಸಿ ದೂರದರ್ಶಕವನ್ನು ಮನೆಯ ರೂಟರಿಗೇ ಜೋಡಿಸುವುದು ಉತ್ತಮ ಪರಿಹಾರ. ಆಗ ರೂಟರಿನ ವ್ಯಾಪ್ತಿಯಲ್ಲಿ ನೀವು ಎಲ್ಲಿ ಕುಳಿತರೂ ಆದೀತು, ಆದರೆ ತಾರಸಿಗೂ ಆ ವೈಫೈ ತಲುಪುತ್ತಿರಬೇಕು. ತಲುಪದಿದ್ದರೆ ತಾರಸಿಗೆ ಹತ್ತುವ ಮೆಟ್ಟಿಲ ಬಳಿ ವೈಫೈ ಸಂಕೇತವನ್ನು ಮುಂದಕ್ಕೆ ದಾಟಿಸುವ ಒಂದು ಎಕ್ಸ್‌ಟೆಂಡರ್ ಇಡಿ. ವೈಫೈಯ ಎರಡು ತರಂಗಪಟ್ಟಿಗಳಲ್ಲಿ 5 ಗಿಗಾಹರ್ಟ್ಸ್ ವೇಗವಾದದ್ದಾದರೂ ಗೋಡೆಗಳ ಮುಂದೆ ಸೋಲುತ್ತದೆ, ಆದ್ದರಿಂದ 2.4 ಗಿಗಾಹರ್ಟ್ಸನ್ನೇ ಆಯ್ದುಕೊಳ್ಳಿ. ಹಾಟ್‌ಸ್ಪಾಟನ್ನೇ ಬಳಸುವುದಾದರೆ ಮೊಬೈಲ್ ಡೇಟಾ ಆಫ್ ಮಾಡಿ ನೋಡಿ. ಇಂಟರ್ನೆಟ್ ಇಲ್ಲದ ವೈಫೈಯನ್ನು ಕೆಲವು ಫೋನುಗಳು ತಾವಾಗಿಯೇ ಬಿಟ್ಟುಬಿಡುತ್ತವೆ.

ಅಂದಹಾಗೆ, ಚಿತ್ರೀಕರಣ ಒಮ್ಮೆ ಆರಂಭವಾದ ಮೇಲೆ ಸಂಪರ್ಕ ಕಡಿದರೂ ಸೀಸ್ಟಾರ್ ತನ್ನ ಕೆಲಸ ಮುಂದುವರಿಸಿ, ಚಿತ್ರಗಳನ್ನು ತನ್ನೊಳಗೇ ಉಳಿಸಿಕೊಳ್ಳುತ್ತದೆ.