ಮಲಾವಿಗೆ ಮಕ್ಕಳ ಫಿಸಿಯೋ ಆಗಿ ಹೊರಟಿದ್ದೀರಾ? ವಾಪಸ್ ಟಿಕೆಟ್‌ನಿಂದ ಹಿಂದಕ್ಕೆ ಎಣಿಸಿ

ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಮಕ್ಕಳ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿದ್ದೀರಿ, ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದ ಕಡೆ 3 ತಿಂಗಳು ಸ್ವಯಂಸೇವೆಗೆ ಅವಕಾಶ ಸಿಕ್ಕಿದೆ, ಏನು ತಯಾರಿ ಮಾಡಿಕೊಳ್ಳಬೇಕು, ಏನೇನು ತೆಗೆದುಕೊಂಡು ಹೋಗಬೇಕು ಎಂದು ಕೇಳಿದ್ದೀರಿ. ಸಾಮಾನಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಕ್ಯಾಲೆಂಡರ್ ಮುಂದಿಟ್ಟುಕೊಂಡು ವಾಪಸ್ ಬರುವ ದಿನದಿಂದ ಹಿಂದಕ್ಕೆ ಎಣಿಸಿ. ಅಲ್ಲಿ ಯಾವ ಚಿಕಿತ್ಸೆ ಶುರು ಮಾಡಬಹುದು, ಯಾವುದಕ್ಕೆ ಕೈ ಹಾಕಲೇಬಾರದು ಅನ್ನುವುದು ಆ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಹುಟ್ಟಿನಿಂದಲೇ ಒಳಕ್ಕೆ ತಿರುಚಿರುವ ಸೊಟ್ಟ ಪಾದವನ್ನೇ (ಕ್ಲಬ್‌ಫೂಟ್) ನೋಡಿ. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ 5ರಿಂದ 7 ಪ್ಲಾಸ್ಟರ್. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು, ಅಂದರೆ ಅಕಿಲಿಸ್ ಟೆಂಡನ್ ಅನ್ನು, ಸಣ್ಣದಾಗಿ ಕತ್ತರಿಸಬೇಕಾಗುತ್ತದೆ. ಅದಾದ ಮೇಲೆ 3 ವಾರದ ಕೊನೆಯ ಪ್ಲಾಸ್ಟರ್. ಇಷ್ಟಕ್ಕೇ 8ರಿಂದ 10 ವಾರ ಹಿಡಿಯಿತು. ಆಮೇಲೆ ಎರಡೂ ಪಾದಗಳನ್ನು ಜೋಡಿಸಿ ಹಿಡಿಯುವ ಅಡ್ಡಪಟ್ಟಿಯ ಬೂಟು: ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ನಂತರ ಮಲಗುವಾಗ ಮಾತ್ರ, ಮಗುವಿಗೆ 4–5 ವರ್ಷ ತುಂಬುವವರೆಗೆ. ಪಾದ ಮತ್ತೆ ತಿರುಚಿಕೊಳ್ಳುವುದು ಬಹುಪಾಲು ಬೂಟು ಬಿಟ್ಟಿದ್ದರಿಂದಲೇ. ಹಾಗಾಗಿ ನಿಮ್ಮ 6ನೇ ವಾರದಲ್ಲಿ ಬಂದ ಹೊಸ ಮಗುವಿಗೆ ನೀವೊಬ್ಬರೇ ಪ್ಲಾಸ್ಟರ್ ಶುರು ಮಾಡಿದರೆ ಆ ಕೆಲಸ ನಡುನೀರಿನಲ್ಲಿ ನಿಲ್ಲುತ್ತದೆ. ಮಲಾವಿಯಲ್ಲಿ ಇದನ್ನು ಮಾಡುವವರು ಆರ್ಥೋಪೀಡಿಕ್ ಕ್ಲಿನಿಕಲ್ ಆಫೀಸರ್‌ಗಳು. ಎಂಬಿಬಿಎಸ್ ಓದಿದವರಲ್ಲ, ಆದರೆ ಈ ಕೆಲಸದಲ್ಲಿ ಕೈ ಪಳಗಿದವರು. ಅವರ ಕ್ಲಿನಿಕ್ ಇರುವ ದಿನವೇ ಮಗುವನ್ನು ಕರೆಸಿ. ಒಬ್ಬರು ಪಾದ ಹಿಡಿಯಬೇಕು, ಇನ್ನೊಬ್ಬರು ಸುತ್ತಬೇಕು, ಇದು ಒಂಟಿ ಕೈಯ ಕೆಲಸವೂ ಅಲ್ಲ.

ಹೊಸಬರ ಕೈಯಲ್ಲಿ ಕೆಡುವುದು ಸಾಮಾನ್ಯವಾಗಿ ಮೊದಲ ಪ್ಲಾಸ್ಟರಿನಲ್ಲೇ. ಪಾದ ಒಳಕ್ಕೆ ತಿರುಗಿದೆಯೆಂದು ಮುಂಪಾದವನ್ನು ಹೊರಕ್ಕೆ ತಿರುಚುತ್ತಾರೆ, ಅಂಗಾಲಿನ ಕುಳಿ ಇನ್ನಷ್ಟು ಆಳವಾಗುತ್ತದೆ. ಮೊದಲು ಹೆಬ್ಬೆರಳಿನ ಬದಿಯನ್ನು ಮೇಲಕ್ಕೆತ್ತಿ ಕುಳಿ ಸರಿಪಡಿಸಿ. ಮುಂದಿನ ವಾರಗಳಲ್ಲಿ ಟೇಲಸ್ ಮೂಳೆಯ (ಹಿಮ್ಮಡಿ ಮೂಳೆಯ ಮೇಲಿರುವ ಮೂಳೆ) ತಲೆಯ ಮೇಲೆ, ಹೊರಬದಿಯಿಂದ, ಹೆಬ್ಬೆರಳಿಟ್ಟು ಪಾದವನ್ನು ಹೊರಕ್ಕೆ ತನ್ನಿ. ಹಿಮ್ಮಡಿಯನ್ನು ಹಿಡಿಯಬೇಡಿ. ಪ್ಲಾಸ್ಟರ್ ತೊಡೆಸಂದಿನವರೆಗೂ ಇರಲಿ, ಮಂಡಿ 90 ಡಿಗ್ರಿ ಮಡಿಸಿರಲಿ. ಮಂಡಿಯ ಕೆಳಗೇ ನಿಲ್ಲಿಸಿದರೆ ಜಾರುತ್ತದೆ. ಬೆರಳುಗಳು ಒಳಗೆ ಸರಿದು ಕಾಣದಾದರೆ, ಬಿಳಿಚಿದರೆ, ತಣ್ಣಗಾದರೆ ಏನು ಮಾಡಬೇಕೆಂದು ತಾಯಿಗೆ ಮನೆಗೆ ಹೋಗುವ ಮುನ್ನವೇ ತೋರಿಸಿಕೊಡಿ: ನೀರಿನಲ್ಲಿ ನೆನೆಸಿ ಬಿಚ್ಚುವುದು, ತಡಮಾಡದೆ ಕರೆತರುವುದು.

ನಿಮ್ಮ ಹೆಚ್ಚಿನ ಸಮಯ ಹೋಗುವುದು ಸೆರೆಬ್ರಲ್ ಪಾಲ್ಸಿ ಮಕ್ಕಳ ಜೊತೆ, ಅಂದರೆ ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಚಲನೆ ಹಿಡಿತ ತಪ್ಪಿದ ಮಕ್ಕಳ ಜೊತೆ. ಹೆರಿಗೆಯಲ್ಲಿ ಉಸಿರುಗಟ್ಟಿದ್ದು, ನವಜಾತ ಶಿಶುವಿನ ಕಾಮಾಲೆ, ಮೆದುಳು ಜ್ವರ, ಮೆದುಳಿಗೇರಿದ ಮಲೇರಿಯಾ, ಹೀಗೆ ಕಾರಣಗಳು. ನಮ್ಮಲ್ಲಿ ವಾರಕ್ಕೆ 3–4 ದಿನ ಥೆರಪಿ ಬರೆದು ರೂಢಿ. ಅಲ್ಲಿ ತಾಯಿ ಮಿನಿಬಸ್ ಚಾರ್ಜು ಹೊಂದಿಸಿಕೊಂಡು, ಇನ್ನೊಂದು ಕೂಸನ್ನೂ ಎತ್ತಿಕೊಂಡು, ತಿಂಗಳಿಗೊಮ್ಮೆ ಬಂದರೆ ದೊಡ್ಡದು. ಹತ್ತು ವ್ಯಾಯಾಮ ಬರೆದುಕೊಟ್ಟರೆ ಒಂದೂ ನಡೆಯುವುದಿಲ್ಲ. ಎರಡೇ ಹೇಳಿಕೊಡಿ, ಅವೂ ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ, ಎತ್ತಿಕೊಳ್ಳುವಾಗ ಆಗುವಂಥವು.

ಎತ್ತಿಕೊಳ್ಳುವುದರಲ್ಲಿ ಅಲ್ಲಿನ ತಾಯಂದಿರಿಂದ ನಾವೇ ಕಲಿಯಬೇಕು. ಚಿತೆಂಜೆ ಎಂಬ ಬಣ್ಣದ ಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ, ತೊಡೆಗಳು ತಾಯಿಯ ಸೊಂಟದ ಎರಡೂ ಬದಿಗೆ ಅಗಲವಾಗಿ ಚಾಚಿರುತ್ತವೆ. ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಸ್ಟ್ರೆಚ್ ಇಲ್ಲ, ಅದೂ ದಿನಕ್ಕೆ ಗಂಟೆಗಟ್ಟಲೆ. ನಮ್ಮ ಹಳ್ಳಿಗಳಲ್ಲಿ ಸೊಂಟದ ಮೇಲೆ ಕೂರಿಸಿಕೊಳ್ಳುವುದೂ ಇದೇ ಕೆಲಸ ಮಾಡುತ್ತದೆ. ಮಗು ಭಾರವಾದಾಗ ತಾಯಿ ಕಟ್ಟಿಕೊಳ್ಳುವುದನ್ನು ಬಿಡುತ್ತಾಳೆ, ಮಗು ಚಾಪೆಯ ಮೇಲೆ ಅಂಗಾತ ಮಲಗಿಯೇ ದಿನ ಕಳೆಯುತ್ತದೆ. ಸೊಂಟದ ಕೀಲು ಜಾರುವುದು, ಬೆನ್ನು ಓರೆಯಾಗುವುದು ಅಲ್ಲಿಂದಾಚೆ ಹೆಚ್ಚುತ್ತದೆ. ಕುರ್ಚಿ ಬೇಕಾಗುವುದು ಆ ಹೊತ್ತಿಗೆ.

ಆ ಕುರ್ಚಿಯನ್ನು ರಟ್ಟಿನಿಂದ ಅಲ್ಲೇ ಮಾಡಬಹುದು. ಅಂಗಡಿಯ ಹಳೆ ರಟ್ಟಿನ ಪೆಟ್ಟಿಗೆ, ಹಳೆ ಪತ್ರಿಕೆ, ಗಂಟಿಲ್ಲದಂತೆ ಕುದಿಸಿದ ಹಿಟ್ಟಿನ ಅಂಟು, ಇಷ್ಟು ಸಾಕು. ರಟ್ಟನ್ನು 4–5 ಪದರ ಅಂಟಿಸಿ. ಒಂದು ಪದರದ ಗೆರೆ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕಿರಲಿ, ಇಲ್ಲದಿದ್ದರೆ ಕುಳಿತ ಭಾರಕ್ಕೆ ಗೆರೆಯ ಗುಂಟ ಮಡಚಿಕೊಳ್ಳುತ್ತದೆ. ಭಾರ ಹೇರಿ ಒತ್ತಿ, ಬಿಸಿಲಿಗಿಡಿ, ಮೇಲೆ ಕಾಗದದ ಪಟ್ಟಿ ಸುತ್ತಿ ಮತ್ತೆ ಒಣಗಿಸಿ, ಕೊನೆಗೆ ವಾರ್ನಿಶ್ ಬಳಿಯಿರಿ. ಒಳಗೆ ಹಸಿ ಉಳಿದರೆ ಬೂಷ್ಟು ಹಿಡಿದು ಸಡಿಲವಾಗುತ್ತದೆ, ಆದ್ದರಿಂದ ಎರಡು ವಾರವಾದರೂ ಬೇಕೆಂದುಕೊಳ್ಳಿ. ಅಳತೆ ಹೀಗೆ: ಕೂರುವ ಹಲಗೆಯ ಆಳ ಎಂದರೆ ಪೃಷ್ಠದ ಹಿಂಬದಿಯಿಂದ ಮಂಡಿಯ ಹಿಂಭಾಗದವರೆಗಿನ ಉದ್ದದಲ್ಲಿ 2–3 ಸೆಂ.ಮೀ. ಕಡಿಮೆ, ಪಾದದ ಹಲಗೆ ಮಂಡಿಯ ಹಿಂಭಾಗದಿಂದ ಹಿಮ್ಮಡಿಯವರೆಗಿನ ಎತ್ತರಕ್ಕೆ, ಮುಂದಿನ ಟ್ರೇ ಮೊಣಕೈ ಮಟ್ಟಕ್ಕೆ. ‘ಬೆಳೆಯುವ ಮಗು, ಸ್ವಲ್ಪ ಅಗಲ ಇರಲಿ’ ಎಂದು ಮಾಡಿದ ಕುರ್ಚಿಯಲ್ಲಿ ಮಗು ಒಂದು ಕಡೆ ವಾಲುತ್ತದೆ. ಅಗಲ ಸರಿಯಾಗಿಯೇ ಇರಲಿ. ಬೇಕಾದರೆ ಬದಿಗೆ ಮಡಚಿದ ಬಟ್ಟೆ ಇಡಿ, ಮಗು ಬೆಳೆದಂತೆ ತೆಗೆಯಬಹುದು. ತೊಡೆಗಳ ನಡುವಿನ ಗೂಟ ಮಂಡಿಗಳ ಹತ್ತಿರ ಇರಬೇಕು, ತೊಡೆಸಂದಿಗೆ ತಾಗಬಾರದು.

ವ್ಯಾಯಾಮಕ್ಕಿಂತ ಮೊದಲು ಊಟ ನೋಡಿ, ಇದನ್ನು ಒತ್ತಿ ಹೇಳುತ್ತೇನೆ. ಮಗುವನ್ನು ಮಡಿಲಲ್ಲಿ ಅಂಗಾತ ಮಲಗಿಸಿ, ಕುತ್ತಿಗೆ ಹಿಂದಕ್ಕೆ ಬಾಗಿರುವಾಗ ತೆಳ್ಳನೆಯ ಫಾಲಾ ಗಂಜಿ ಬಾಯಿಗೆ ಸುರಿಯುವುದನ್ನು ನೋಡುತ್ತೀರಿ. ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ಈ ಮಕ್ಕಳ ಪ್ರಾಣ ಹೋಗುವುದು ಹೆಚ್ಚಾಗಿ ಹೀಗೆಯೇ. ಮಗುವನ್ನು ಎತ್ತಿ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆಗಿರಲಿ. ಗಂಜಿ ಚಮಚದಿಂದ ತಟ್ಟನೆ ಜಾರದಷ್ಟು ಗಟ್ಟಿಯಿರಲಿ. ಅರ್ಧ ಚಮಚ, ಎದುರಿನಿಂದ, ತುಟಿಯ ಮಟ್ಟಕ್ಕೆ. ನುಂಗಿದ್ದು ಕಂಡ ಮೇಲೆ ಮುಂದಿನದು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. 6 ತಿಂಗಳಿಂದ 5 ವರ್ಷದೊಳಗಿನ ಎಲ್ಲ ಮಕ್ಕಳ ತೋಳಿಗೂ ಅಳತೆ ಪಟ್ಟಿ ಸುತ್ತಿ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಮೊದಲು ಪೌಷ್ಟಿಕ ವಿಭಾಗಕ್ಕೆ ಕಳಿಸಿ, ವ್ಯಾಯಾಮ ಕಾಯಲಿ.

ಇದ್ದಕ್ಕಿದ್ದಂತೆ ಕಾಲು ಸೋತು ಬಂದ 15 ವರ್ಷದೊಳಗಿನ ಯಾವ ಮಗುವನ್ನೂ ಸೀದಾ ಥೆರಪಿಗೆ ತೆಗೆದುಕೊಳ್ಳಬೇಡಿ. ಫೆಬ್ರುವರಿ 2022ರಲ್ಲಿ ಮಲಾವಿಯಲ್ಲಿ ವೈಲ್ಡ್ ಪೋಲಿಯೊ ಘೋಷಣೆಯಾಯಿತು, ರಾಜಧಾನಿ ಲಿಲಾಂಗ್ವೆಯ ಒಂದು ಮಗುವಿನಲ್ಲಿ ಕಂಡಿತ್ತು. ಅಂಥ ಮಗು ಬಂದ ದಿನವೇ ಜಿಲ್ಲಾ ಆರೋಗ್ಯ ಕಚೇರಿಗೆ ತಿಳಿಸಬೇಕು; ಕಾಲು ಸೋತ 14 ದಿನದೊಳಗೆ, 24 ಗಂಟೆ ಅಂತರದಲ್ಲಿ ಎರಡು ಮಲದ ಮಾದರಿ ಹೋಗಬೇಕು. ಜ್ವರಕ್ಕೆ ಕುಂಡಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಒಂದೇ ಕಾಲಿನ ಪಾದ ಜೋತುಬಿದ್ದಿದ್ದರೆ ಸಯಾಟಿಕ್ ನರಕ್ಕೆ ಪೆಟ್ಟಾಗಿರುವ ಸಂಭವವಿದೆ, ಆದರೂ ವರದಿ ತಪ್ಪಿಸುವಂತಿಲ್ಲ.

ಸುಟ್ಟಗಾಯಗಳೂ ಬರುತ್ತವೆ, ಅಡುಗೆ ನೆಲದ ಮೇಲಿನ ಬೆಂಕಿಯಲ್ಲಿ. ಮಗುವಿಗೆ ಹಿತವೆನಿಸುವ ಭಂಗಿಯಲ್ಲೇ ಚರ್ಮ ಸೆಟೆದುಕೊಳ್ಳುತ್ತದೆ. ಮೊಣಕೈ ಒಳಮಡಿಕೆ ಸುಟ್ಟಿದ್ದರೆ ಕೈ ನೇರವಾಗಿ, ಕಂಕುಳು ಸುಟ್ಟಿದ್ದರೆ ತೋಳು 90 ಡಿಗ್ರಿ ಚಾಚಿ, ಮೊದಲ ದಿನದಿಂದಲೇ ಪ್ಲಾಸ್ಟರ್ ಪಟ್ಟಿ ಕೊಟ್ಟು ಹಿಡಿಸಿ.

ಕಾಗದಪತ್ರಕ್ಕೆ 4 ತಿಂಗಳು ಇಟ್ಟುಕೊಳ್ಳಿ. ಮಲಾವಿ ಮೆಡಿಕಲ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಇಲ್ಲದೆ ಮಗುವನ್ನು ಮುಟ್ಟಬೇಡಿ. ‘ಟೂರಿಸ್ಟ್ ವೀಸಾ ಸಾಕು’ ಎನ್ನುವ ಸಂಸ್ಥೆಯಿದ್ದರೆ ದೂರವಿರಿ. ಪದವಿ, ಅಂಕಪಟ್ಟಿ, ಗುಡ್ ಸ್ಟ್ಯಾಂಡಿಂಗ್ ಪತ್ರ (ವೃತ್ತಿಯಲ್ಲಿ ನಿಮ್ಮ ಮೇಲೆ ದೂರಿಲ್ಲವೆಂಬ ಪತ್ರ), ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಸಿದ್ಧವಿರಲಿ. ಹೋಗುವುದು ಮೇಯಿಂದ ಅಕ್ಟೋಬರ್ ಒಳಗಾದರೆ ಒಳ್ಳೆಯದು. ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ; ಜನವರಿಯಿಂದ ಮಾರ್ಚ್ ಹಳೆ ಮೆಕ್ಕೆಜೋಳ ಮುಗಿದು ಹೊಸದು ಬಾರದ ಹಸಿವಿನ ತಿಂಗಳುಗಳು, ತಾಯಂದಿರು ಹೊಲ ಬಿಟ್ಟು ಬರಲಾರರು, ರಟ್ಟೂ ಒಣಗದು. ಮಲೇರಿಯಾ ಮಾತ್ರೆಯನ್ನು ವೈದ್ಯರಲ್ಲಿ ಕೇಳಿ ಶುರು ಮಾಡಿ. ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದ ಮೇಲೂ 4 ವಾರ ನುಂಗಬೇಕು, ಊರಿಗೆ ಬಂದ ಖುಷಿಯಲ್ಲಿ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ.

ಸೂಟ್‌ಕೇಸಿಗೆ: 5 ಮತ್ತು 7.5 ಸೆಂ.ಮೀ. ಅಗಲದ ಪ್ಲಾಸ್ಟರ್ ಪಟ್ಟಿಗಳು, ಗಾಳಿಯಾಡದ ಕವರಿನಲ್ಲಿ (ತೇವ ಹಿಡಿದರೆ ಗಟ್ಟಿಯಾಗುವುದಿಲ್ಲ), ವೆಲ್ಕ್ರೋ ಸುರುಳಿ, ಬೆಲ್ಟಿನ ಪಟ್ಟಿ, ಫೋಮ್ ಹಾಳೆ, ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ), ಒಳ್ಳೆಯ ಕತ್ತರಿ. ವ್ಯಾಯಾಮದ ರಬ್ಬರ್ ಪಟ್ಟಿ (ಥೆರಾಬ್ಯಾಂಡ್) ಬೇಡ, ಸೈಕಲ್ ಟ್ಯೂಬ್ ಅಲ್ಲಿ ಎಲ್ಲೆಡೆ ಸಿಗುತ್ತದೆ. ಗಾಲಿಕುರ್ಚಿ ದಾನ ಮಾಡುತ್ತೇವೆಂದು ಯಾರಾದರೂ ಮುಂದೆ ಬಂದರೆ ಮುಂಚಕ್ರದ ಬಿಡಿಭಾಗ ಅಲ್ಲಿ ಸಿಗುತ್ತದೆಯೇ ಎಂದು ಮೊದಲು ಕೇಳಿ. ಮಣ್ಣುದಾರಿಯಲ್ಲಿ ಮೊದಲು ಮುರಿಯುವುದು ಅದೇ.

ಚಿಚೇವಾ ಭಾಷೆಯ ನಾಲ್ಕು ಮಾತು ಕಲಿತು ಹೋಗಿ: ‘ಮುಲಿ ಬ್ವಾಂಜಿ’ ಎಂದರೆ ಹೇಗಿದ್ದೀರಿ, ‘ಜಿಕೊಮೊ’ ಎಂದರೆ ಧನ್ಯವಾದ, ‘ಪಂಗೋನೊ ಪಂಗೋನೊ’ ಎಂದರೆ ನಿಧಾನ ನಿಧಾನ, ‘ಕುಪ್ವೆತೆಕಾ’ ಎಂದರೆ ನೋವು.

ಇನ್ನೊಂದು ವಿಷಯ. ಅಲ್ಲಿ ರೋಗಿಯ ಫೈಲು ಇರುವುದು ತಾಯಿಯ ಕೈಯಲ್ಲಿ, ಹೆಲ್ತ್ ಪಾಸ್‌ಪೋರ್ಟ್ ಎಂಬ ಸಣ್ಣ ಪುಸ್ತಕದಲ್ಲಿ. ಪ್ರತಿ ಭೇಟಿಯಲ್ಲೂ ದಿನಾಂಕ, ಎಷ್ಟನೇ ಪ್ಲಾಸ್ಟರ್, ಪಿರಾನಿ ಅಂಕ (ಸೊಟ್ಟ ಪಾದದ ತೀವ್ರತೆ ಅಳೆಯುವ ಅಂಕ), ಹೇಳಿಕೊಟ್ಟ ಎರಡು ವ್ಯಾಯಾಮದ ಗೆರೆಚಿತ್ರ, ಮುಂದಿನ ದಿನಾಂಕ, ಆ ದಿನ ನೋಡುವವರ ಹೆಸರು, ಇಷ್ಟನ್ನೂ ಬಿಡಿಸಿ ಬರೆಯಿರಿ. ಕೊನೆಯ ಮೂರು ವಾರಗಳಲ್ಲಿ ಆ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಇರಬಾರದು.